ಹಿಂಸಾಲಿನ ಕಾವಲುಗಾರ ವಿ. ಪಿ. ಸತ್ಯನ್

ಕಾಲ್ಚೆಂಡಿನ ಪಂದ್ಯ ಮುಗಿಸಿ ಮನೆಗೆ ಬಂದವನನ್ನು ಕೇಳಿದರೆ ಗೋಲು ಹೊಡೆದವರ ಹೆಸರು ಹೇಳುತ್ತಾನೆ. ಹಿಂದೆ ನಿಂತು ಎದುರಾಳಿಯ ದಾಳಿ ತಡೆದವನ ಹೆಸರು ಅವನಿಗೆ ನೆನಪಿರುವುದು ಅಪರೂಪ. ಹೀಗಿದ್ದೂ ಮಲೆಯಾಳ ನಾಡಿನಲ್ಲಿ ಇಂದಿಗೂ ಮನೆಮಾತಾಗಿ ಉಳಿದ ಹಿಂಸಾಲಿನ ಆಟಗಾರರೊಬ್ಬರಿದ್ದಾರೆ. ಅವರೇ ವಿ. ಪಿ. ಸತ್ಯನ್.

ಸತ್ಯನ್ ಹುಟ್ಟಿದ್ದು 1965ರ ಎಪ್ರಿಲ್ 29ರಂದು, ತಲಶ್ಶೇರಿಯ ಆಚೆಗಿನ ಚೊಕ್ಲಿಯ ಕಡೆ. ಆಗ ನಮ್ಮ ಕಾಸರಗೋಡು ಕಣ್ಣೂರು ಜಿಲ್ಲೆಯದೇ ಒಂದು ತಾಲೂಕು. ನಮಗೆ ಬೇರೆ ಜಿಲ್ಲೆಯಾದದ್ದು 1984ರ ಮೇ 24ರಂದು. ಅಷ್ಟರಲ್ಲಿ ಸತ್ಯನ್‌ಗೆ ಹತ್ತೊಂಬತ್ತು ತುಂಬಿತ್ತು. ಆ ಲೆಕ್ಕದಲ್ಲಿ ಅವರನ್ನು ನಮ್ಮ ಜಿಲ್ಲೆಯ ಹುಡುಗನೆಂದು ಹೇಳಿಕೊಂಡರೆ ತಪ್ಪಾಗದು.

ಕೇರಳ ಪೊಲೀಸ್ ತಂಡ ಅವರಿಗೆ ಅನ್ನವನ್ನೂ ಹೆಸರನ್ನೂ ಕೊಟ್ಟಿತು. ಐ. ಎಂ. ವಿಜಯನ್, ಸಿ. ವಿ. ಪಾಪ್ಪಚ್ಚನ್, ಯು. ಶರಫಾಲಿ, ಕುರಿಕೇಶ್ ಮ್ಯಾಥ್ಯೂ ಮೊದಲಾದವರಿದ್ದ ಆ ತಂಡ 1990ರಲ್ಲಿ ತೃಶ್ಶೂರಿನಲ್ಲಿ ಫೆಡರೇಶನ್ ಕಪ್ ಗೆದ್ದಿತು. ಕೇರಳದ ತಂಡವೊಂದಕ್ಕೆ ಆ ಕಪ್ಪು ದಕ್ಕಿದ್ದು ಅದೇ ಮೊದಲು. ಮರುವರ್ಷವೂ ಅದು ಪೊಲೀಸರ ಪಾಲಾಯಿತು. ಸತ್ಯನ್ ಕಲಕತ್ತೆಗೂ ಹೋಗಿ ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್ ತಂಡಗಳಿಗೆ ಆಡಿ ಬಂದರು.

ಆದರೆ ಜನ ಇಂದಿಗೂ ನೆನೆಯುವುದು 1992ರ ಕೊಯಮತ್ತೂರನ್ನು. ಸಂತೋಷ್ ಟ್ರೋಫಿ 1973ರಲ್ಲೊಮ್ಮೆ ಕೇರಳಕ್ಕೆ ಬಂದಿತ್ತು. ಆಮೇಲೆ ಹತ್ತೊಂಬತ್ತು ವರ್ಷ ಬರಲೇ ಇಲ್ಲ. ಸತ್ಯನ್ ನಾಯಕತ್ವದ ತಂಡ ಅಂತಿಮ ಪಂದ್ಯದಲ್ಲಿ ಗೋವೆಯನ್ನು 3-0ರಿಂದ ಸೋಲಿಸಿತು. ಅಂಥ ಪಂದ್ಯದಲ್ಲಿ ಎದುರಾಳಿಗೆ ಒಂದು ಗೋಲೂ ಸಿಗಲಿಲ್ಲವೆಂಬುದನ್ನು ಹಿಂಸಾಲಿನವರ ಖಾತೆಗೇ ಬರೆಯಬೇಕು.

ಭಾರತ ತಂಡಕ್ಕೂ ಅವರು ನಾಯಕರಾದರು. 1995ರ ಡಿಸೆಂಬರಿನಲ್ಲಿ ಮದ್ರಾಸಿನಲ್ಲಿ ನಡೆದ ಸ್ಯಾಫ್ ಕ್ರೀಡಾಕೂಟದಲ್ಲಿ ಬಾಂಗ್ಲಾದೇಶವನ್ನು ಒಂದೇ ಗೋಲಿನಿಂದ ಸೋಲಿಸಿ ಭಾರತ ಚಿನ್ನ ಪಡೆಯಿತು. 1996ರ ಫೆಬ್ರವರಿಯಲ್ಲಿ ಫಿಫಾ ಪಟ್ಟಿಯಲ್ಲಿ ಭಾರತ 94ನೆಯ ಸ್ಥಾನಕ್ಕೇರಿತು. ಅದಕ್ಕಿಂತ ಮೇಲೆ ನಾವು ಎಂದೂ ಹೋಗಿಲ್ಲ.

ಅಷ್ಟು ಹೊತ್ತಿಗೆ ಸತ್ಯನ್‌ಗೆ ಮೂವತ್ತು. ಹಿಂಸಾಲಿನ ಆಟಗಾರನಿಗೆ ಅದು ಬುದ್ಧಿ ಮಾಗುವ ವಯಸ್ಸು. ಆದರೆ ಕಾಲು ಕೇಳಬೇಕಲ್ಲ! ಈ ಸ್ಥಾನದಲ್ಲಿ ಆಡುವವನ ಮೈಗೆ ಪೆಟ್ಟು ತಪ್ಪಿದ್ದಲ್ಲ. ಓಡಿ ಬರುವವನ ಕಾಲಿನಡಿಯಿಂದ ಚೆಂಡು ಕಸಿಯಬೇಕು, ಹಾರಿ ತಲೆಯಿಂದ ಹೊಡೆದು ಒಂದೇ ಕಾಲಿನ ಮೇಲೆ ಇಳಿಯಬೇಕು. ನಮ್ಮ ಕಡೆಯ ಮೈದಾನಗಳೋ ಬೇಸಗೆಯಲ್ಲಿ ಮುರಕಲ್ಲಿನಂತೆ ಗಟ್ಟಿ. ಕಾಲಿನ ಗಾಯ ಸತ್ಯನ್‌ರನ್ನು ವರ್ಷಗಟ್ಟಲೆ ಬಿಡದೆ ಕಾಡಿತು. ನೋವು ನುಂಗಿ ಆಡಿದ್ದನ್ನು ನಾವೆಲ್ಲ ಗಟ್ಟಿತನವೆಂದು ಹೊಗಳಿದೆವು. ವಿಶ್ರಾಂತಿ ಬೇಕಾಗಿತ್ತೇ ಎಂದು ಕೇಳಿದವರು ಎಷ್ಟು ಮಂದಿ?

ಮದ್ರಾಸಿನಲ್ಲಿ ಇಂಡಿಯನ್ ಬ್ಯಾಂಕಿನ ಕೆಲಸವಿತ್ತು. ಆ ತಂಡಕ್ಕೆ ಆಡಿ, ಮುಂದೆ ತರಬೇತಿಯನ್ನೂ ಕೊಟ್ಟರು. ಅನ್ನಕ್ಕೆ ಕೊರತೆಯಿರಲಿಲ್ಲ. ಮೊಗ್ರಾಲಿನಿಂದ ತೃಕ್ಕರಿಪುರದವರೆಗೆ ಸಂಜೆ ಬಯಲಿನಲ್ಲಿ ಚೆಂಡು ಒದೆಯುವ ಮಕ್ಕಳ ತಂದೆತಾಯಿಗಳು ಹಾರೈಸುವುದೂ ಇಂಥ ಉದ್ಯೋಗವನ್ನೇ. ಆದರೆ ಹತ್ತು ಹನ್ನೆರಡು ವರ್ಷ ಸಾವಿರಾರು ಜನರ ಕೂಗಿನ ನಡುವೆ ಬದುಕಿದವನಿಗೆ ಆ ಕೂಗು ನಿಂತ ಮೇಲಿನ ದಿನಗಳನ್ನು ಕಳೆಯುವುದು ಸುಲಭವಲ್ಲ. ಮೈದಾನದಲ್ಲಿ ಪೆಟ್ಟಾದರೆ ನೀರು, ಪಟ್ಟಿ ಹಿಡಿದು ಓಡಿ ಬರುವವರಿರುತ್ತಾರೆ. ಮನಸ್ಸು ಕುಗ್ಗಿದ್ದು ಹತ್ತಿರದವರಿಗೂ ತಡವಾಗಿ ತಿಳಿಯುತ್ತದೆ.

2006ರ ಜುಲೈ 18ರಂದು ಚೆನ್ನೈಯ ಪಲ್ಲಾವರದಲ್ಲಿ ಸತ್ಯನ್ ತಮ್ಮ ಬಾಳನ್ನು ತಾವೇ ಕೊನೆಗೊಳಿಸಿದರು. ವಯಸ್ಸು ನಲವತ್ತೊಂದು. ನಾಯಕನೆಂದು ಹೆಗಲ ಮೇಲೆ ಹೊತ್ತ ನಾಡು ಆ ಹತ್ತು ವರ್ಷ ಅವರು ಹೇಗಿದ್ದಾರೆಂದು ವಿಚಾರಿಸಿದ್ದು ಕಡಿಮೆಯೆಂದೇ ನಮ್ಮ ಅನಿಸಿಕೆ.

2018ರ ಫೆಬ್ರವರಿಯಲ್ಲಿ ಅವರ ಕತೆ ‘ಕ್ಯಾಪ್ಟನ್’ ಎಂಬ ಮಲೆಯಾಳ ಚಲನಚಿತ್ರವಾಗಿ ಬಂತು. ಸತ್ಯನ್ ಪಾತ್ರ ಮಾಡಿದವರು ಜಯಸೂರ್ಯ. ಅದೇ ವರ್ಷದ ಎಪ್ರಿಲ್ 1ರಂದು ಕೇರಳ ತಂಡ ಕಲಕತ್ತೆಯಲ್ಲಿ ಬಂಗಾಳವನ್ನು ಸೋಲಿಸಿ, ಹದಿನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಊರಿಗೆ ತಂದಿತು.