ತೂಕಕ್ಕೊಂದು ಸೂತ್ರ ಕೊಟ್ಟ ಗಣಿತಜ್ಞ: ಅಡಾಲ್ಫ್ ಕೆಟ್ಲೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಊರಿನ ಆಸ್ಪತ್ರೆಗೆ ಹೋದರೂ ಎತ್ತರ, ತೂಕ ನೋಡಿ ಬಿಎಂಐ ಎಂಬ ಸಂಖ್ಯೆ ಹೇಳುವುದುಂಟು. ಅದರ ಮೂಲಸೂತ್ರ ಕೊಟ್ಟವರು ವೈದ್ಯರಲ್ಲ, ಬೆಲ್ಜಿಯಂನ ಗಣಿತದ ಮೇಷ್ಟ್ರು ಅಡಾಲ್ಫ್ ಕೆಟ್ಲೆ.

ಅವರು ಹುಟ್ಟಿದ್ದು 1796ರ ಫೆಬ್ರವರಿ 22ರಂದು, ಗೆಂಟ್ ನಗರದಲ್ಲಿ. ಏಳನೇ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಹದಿನೇಳಕ್ಕೇ ಪಾಠ ಹೇಳಿ ದುಡಿಯಬೇಕಾಯಿತು. ಆದರೂ ಓದು ಬಿಡಲಿಲ್ಲ. 1819ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಬ್ರಸೆಲ್ಸ್‌ನಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಬೇಕೆಂದು ಹಟ ಹಿಡಿದು, ಅದಕ್ಕಾಗಿ 1823ರಲ್ಲಿ ಪ್ಯಾರಿಸ್‌ಗೆ ಹೋಗಿ ಕಲಿತು ಬಂದರು. ಅಲ್ಲಿ ಸಂಭವನೀಯತೆಯ ಗಣಿತವೂ ಕೈಗೆ ಬಂತು. ನಕ್ಷತ್ರಗಳನ್ನು ಅಳೆಯುವ ಆ ಲೆಕ್ಕವನ್ನೇ ಅವರು ಮನುಷ್ಯರಿಗೂ ಹಚ್ಚಿದರು.

ಸಾವಿರಾರು ಜನರ ಅಳತೆಗಳನ್ನು ಕೂಡಿಸಿ, 1835ರ ತಮ್ಮ ಗ್ರಂಥದಲ್ಲಿ ‘ಸರಾಸರಿ ಮನುಷ್ಯ’ನ ಚಿತ್ರ ಕೊಟ್ಟರು. ಬೆಳೆದ ವಯಸ್ಕರಲ್ಲಿ ತೂಕವು ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಕಂಡುಕೊಂಡರು. 1874ರ ಫೆಬ್ರವರಿ 17ರಂದು ತೀರಿಕೊಂಡರು. ಸುಮಾರು ನೂರು ವರ್ಷಗಳ ನಂತರ, 1972ರಲ್ಲಿ, ಅಮೆರಿಕದ ಆ್ಯನ್ಸೆಲ್ ಕೀಸ್ ಮತ್ತು ಸಂಗಡಿಗರು ಈ ಸೂತ್ರಕ್ಕೆ ಬಿಎಂಐ ಎಂದು ಹೆಸರಿಟ್ಟರು.

ಲೆಕ್ಕ ಸುಲಭ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಬೇಕು. 1.6 ಮೀಟರ್ ಎತ್ತರ, 56 ಕಿಲೋ ತೂಕದವರಿಗೆ: 56 ÷ 2.56 = 21.9. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 18.5ರಿಂದ 24.9 ಸರಿಯಾದ ಮಟ್ಟ. ನಮ್ಮ ದೇಶದವರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದರಿಂದ 23 ದಾಟಿದರೇ ಎಚ್ಚರ ವಹಿಸಬೇಕೆನ್ನುತ್ತಾರೆ.

ಒಂದು ಮಾತು ಮರೆಯಬಾರದು. ಕೆಟ್ಲೆ ಹುಡುಕಿದ್ದು ಇಡೀ ಸಮಾಜದ ಲೆಕ್ಕವನ್ನು. ಒಬ್ಬೊಬ್ಬರ ಆರೋಗ್ಯವನ್ನು ಅಳೆಯಲು ಅಲ್ಲ. ಅಡಿಕೆ ಮೂಟೆ ಹೊತ್ತು ಮೈ ಗಟ್ಟಿಯಾದ ಹಮಾಲಿಗೂ ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರುವವರಿಗೂ ಒಂದೇ ಸಂಖ್ಯೆ ಬರಬಹುದು. ಸ್ನಾಯು ಯಾವುದು, ಕೊಬ್ಬು ಯಾವುದು ಎಂದು ಅದು ಹೇಳದು. ಸೊಂಟದ ಸುತ್ತಳತೆಯನ್ನೂ ನೋಡಬೇಕು. ಇನ್ನು ಬೆಳೆಯುವ ವಯಸ್ಸಿನ ನಮಗೆ ವಯಸ್ಕರ ಈ ಪಟ್ಟಿ ಹೊಂದುವುದೇ ಇಲ್ಲ. ವಯಸ್ಸು, ಲಿಂಗಕ್ಕೆ ತಕ್ಕ ಬೇರೆ ಪಟ್ಟಿಯಿದೆ. ಹಾಗಾಗಿ ಈ ಸಂಖ್ಯೆ ನೋಡಿ ಯಾರೂ ಊಟ ಬಿಡುವುದು ಬೇಡ, ಗೆಳೆಯರನ್ನು ‘ಡುಮ್ಮ’, ‘ಕಡ್ಡಿ’ ಎಂದು ಕರೆಯುವುದೂ ಬೇಡ. ಅನುಮಾನವಿದ್ದರೆ ವೈದ್ಯರನ್ನೇ ಕೇಳೋಣ.