ಶಾಲಾ ಮಾಸ್ತರಿಕೆಯಿಂದ ಪ್ರಧಾನಿ ಪಟ್ಟಕ್ಕೆ, ಅಲ್ಲಿಂದ ಸೆರೆಮನೆಗೆ: ಸೆನೆಗಲ್‌ನ ಮಾಮದು ದಿಯಾ

ಆಫ್ರಿಕಾ ಖಂಡದ ಪಶ್ಚಿಮದ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದ ದಡದಲ್ಲಿ ಸೆನೆಗಲ್ ಎಂಬ ಸಣ್ಣ ದೇಶವಿದೆ. ಆ ದೇಶದ ಮಾತೆತ್ತಿದರೆ ಓದುಬಲ್ಲವರು ಹೇಳುವ ಮೊದಲ ಹೆಸರು ಲಿಯೊಪೋಲ್ಡ್ ಸೆಂಗೋರ್ ಅವರದು. ಕವಿಯಾಗಿದ್ದು ರಾಷ್ಟ್ರಾಧ್ಯಕ್ಷರಾದ ಸೆಂಗೋರ್ ಲೋಕಪ್ರಸಿದ್ಧರು. ಆದರೆ ಅವರ ಜತೆಗೆ ಹದಿನಾಲ್ಕು ವರ್ಷ ಹೆಗಲಿಗೆ ಹೆಗಲು ಕೊಟ್ಟು ದುಡಿದು, ಆ ದೇಶದ ಮೊದಲ ಪ್ರಧಾನಿಯಾಗಿ, ಕೊನೆಗೆ ಅದೇ ಗೆಳೆಯನ ಆಳ್ವಿಕೆಯಲ್ಲಿ ಹನ್ನೊಂದು ವರ್ಷಕ್ಕೂ ಮಿಕ್ಕಿ ಸೆರೆಮನೆಯಲ್ಲಿ ಕಳೆದ ಇನ್ನೊಬ್ಬರಿದ್ದಾರೆ. ಅವರೇ ಮಾಮದು ದಿಯಾ. ಮೊದಲು ಶಾಲಾ ಉಪಾಧ್ಯಾಯರು, ಆಮೇಲೆ ಅರ್ಥಶಾಸ್ತ್ರಜ್ಞರು, ಅದರ ಮೇಲೆ ರಾಜಕಾರಣಿ. ಅವರ ಬಾಳಿನ ಕಥೆಯನ್ನು ಇಂದು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಬಾಲ್ಯ ಮತ್ತು ಉಪಾಧ್ಯಾಯ ವೃತ್ತಿ

ಮಾಮದು ದಿಯಾ ಹುಟ್ಟಿದ್ದು 1910ನೇ ಇಸವಿ ಜುಲೈ 18ರಂದು, ತಿಯೆಸ್ ಪಟ್ಟಣಕ್ಕೆ ಸಮೀಪದ ಖೊಂಬೋಲ್ ಎಂಬ ಊರಿನಲ್ಲಿ. ಮುಸ್ಲಿಂ ಮನೆತನ. ಮೊದಲು ಕುರಾನ್ ಪಾಠ, ಆಮೇಲೆ ಫ್ರೆಂಚ್ ಶಾಲೆ. ಆಗ ಸೆನೆಗಲ್ ಫ್ರೆಂಚರ ವಸಾಹತು. ಅಲ್ಲಿ ಒಂದು ವಿಚಿತ್ರ ಭೇದವಿತ್ತು. ಡಾಕರ್, ಸೇಂಟ್ ಲೂಯಿ, ಗೊರೆ, ರುಫಿಸ್ಕ್ ಎಂಬ ನಾಲ್ಕು ಪಟ್ಟಣಗಳಲ್ಲಿ ಹುಟ್ಟಿದವರು ಮತದಾನದ ಹಕ್ಕುಳ್ಳ ನಾಗರಿಕರು. ಉಳಿದ ಹಳ್ಳಿಗಾಡಿನವರೆಲ್ಲ ಬರಿಯ ಪ್ರಜೆಗಳು. ತೆರಿಗೆಯೂ ಬಿಟ್ಟಿ ದುಡಿಮೆಯೂ ಅವರ ಪಾಲಿಗೆ, ಹಕ್ಕು ಮಾತ್ರ ಇಲ್ಲ. 1946ರಲ್ಲಿ ಕಾನೂನು ಬದಲಾಗುವ ತನಕ ಇದೇ ಸ್ಥಿತಿ. ಖೊಂಬೋಲಿನಲ್ಲಿ ಹುಟ್ಟಿದ ದಿಯಾ ಈ ಎರಡನೆಯ ಗುಂಪಿಗೆ ಸೇರಿದವರು. ಇದನ್ನು ಅವರು ಎಂದೂ ಮರೆಯಲಿಲ್ಲ.

ಫ್ರೆಂಚ್ ಪಶ್ಚಿಮ ಆಫ್ರಿಕಾದ ಬುದ್ಧಿವಂತ ಹುಡುಗರನ್ನೆಲ್ಲ ಆರಿಸಿ ತರಬೇತು ಮಾಡುತ್ತಿದ್ದ ವಿಲಿಯಂ ಪೊಂಟಿ ಎಂಬ ಶಿಕ್ಷಕರ ತರಬೇತಿ ಶಾಲೆಯಿತ್ತು. ದಿಯಾ ಅಲ್ಲಿ ಓದಿ ಉಪಾಧ್ಯಾಯರಾದರು. ಹಲವು ವರ್ಷ ಪಾಠ ಹೇಳಿ, ಕೊನೆಗೆ ಫಿಸ್ಸೆಲ್ ಎಂಬ ಹಳ್ಳಿಯ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಹೋದರು.

ಅಲ್ಲಿ ಅವರ ಕಣ್ಣೆದುರಿಗೆ ಇದ್ದುದು ನೆಲಗಡಲೆಯ ಬಡತನ. ದೇಶದ ಬೇಸಾಯವೆಲ್ಲ ಆ ಒಂದೇ ಬೆಳೆಯ ಮೇಲೆ ನಿಂತಿತ್ತು. ಬೆಳೆದದ್ದನ್ನು ಕೊಳ್ಳುವವರು ಬೋರ್ದೋ, ಮಾರ್ಸೇಲ್ಸ್ ಮುಂತಾದ ಫ್ರೆಂಚ್ ಬಂದರುಗಳ ವ್ಯಾಪಾರ ಸಂಸ್ಥೆಗಳು. ಅವರಿಗೂ ರೈತನಿಗೂ ನಡುವೆ ದಲ್ಲಾಳಿಗಳ ಸಾಲು. ಮಳೆಗಾಲದಲ್ಲಿ ರೈತನ ಮನೆಯಲ್ಲಿ ಕಾಳು ಮುಗಿದಾಗ ವರ್ತಕನೇ ಬಿತ್ತನೆಯ ಬೀಜವನ್ನೂ ಊಟದ ಅಕ್ಕಿಯನ್ನೂ ಸಾಲವಾಗಿ ಕೊಡುವನು. ಆ ಅಕ್ಕಿಯಾದರೂ ಇಂಡೋಚೈನಾದಿಂದ ಹಡಗೇರಿ ಬಂದ ನುಚ್ಚು. ಕೊಯ್ಲಾದೊಡನೆ ಸಾಲವೂ ಬಡ್ಡಿಯೂ ನೆಲಗಡಲೆಯ ರೂಪದಲ್ಲಿ ವಸೂಲಾಗುವುದು. ತಕ್ಕಡಿ ವರ್ತಕನದು, ದರ ವರ್ತಕನದು, ಲೆಕ್ಕದ ಪುಸ್ತಕವೂ ಅವನದೇ. ಮುಂದಿನ ಮಳೆಗಾಲಕ್ಕೆ ಮತ್ತೆ ಸಾಲ. ಈ ಸುಳಿಯಿಂದ ರೈತನನ್ನು ಮೇಲೆತ್ತುವ ಬಗೆ ಯಾವುದು ಎಂಬ ಚಿಂತೆಯೇ ದಿಯಾ ಅವರನ್ನು ಅರ್ಥಶಾಸ್ತ್ರದ ಕಡೆಗೆ ಎಳೆಯಿತು.

ರಾಜಕೀಯ ಪ್ರವೇಶ

1946ರಲ್ಲಿ ಅವರು ಸೆನೆಗಲ್‌ನ ಪ್ರಾಂತೀಯ ಸಭೆಗೆ ಆರಿಸಿ ಬಂದರು. ಆಗ ಅಲ್ಲಿ ಬಲಾಢ್ಯರಾಗಿದ್ದವರು ಲಾಮಿನ್ ಗೆ ಎಂಬ ವಕೀಲರು. ಅವರ ಸಮಾಜವಾದಿ ಪಕ್ಷದ ಬೇರು ಪಟ್ಟಣಗಳಲ್ಲಿತ್ತು. ಹಳ್ಳಿಯವರ ಮಾತಿಗೆ ಅಲ್ಲಿ ಬೆಲೆಯಿಲ್ಲವೆಂದು ಕಂಡು 1948ರಲ್ಲಿ ಸೆಂಗೋರ್ ಮತ್ತು ದಿಯಾ ಹೊರಬಂದು ಹೊಸ ಪಕ್ಷ ಕಟ್ಟಿದರು. ಒಬ್ಬರು ಕ್ರೈಸ್ತರು, ಇನ್ನೊಬ್ಬರು ಮುಸ್ಲಿಮರು. ಒಬ್ಬರು ಕವಿ, ಪ್ಯಾರಿಸಿನ ಪಂಡಿತರ ಗೋಷ್ಠಿಯಲ್ಲಿ ಹೆಸರು ಪಡೆದವರು. ಇನ್ನೊಬ್ಬರು ಲೆಕ್ಕಾಚಾರದ ಮನುಷ್ಯ, ಹಳ್ಳಿಹಳ್ಳಿಗೆ ತಿರುಗಿ ಸಂಘಟನೆ ಮಾಡಬಲ್ಲವರು. ಸೆಂಗೋರ್ ಪಕ್ಷದ ಮುಖವಾದರೆ ಕಾರ್ಯದರ್ಶಿ ದಿಯಾ ಅದರ ಬೆನ್ನೆಲುಬು. ಮೂರೇ ವರ್ಷಗಳಲ್ಲಿ, 1951ರ ಚುನಾವಣೆಯಲ್ಲಿ, ಫ್ರೆಂಚ್ ಪಾರ್ಲಿಮೆಂಟಿನಲ್ಲಿ ಸೆನೆಗಲ್‌ಗಿದ್ದ ಎರಡು ಸ್ಥಾನಗಳನ್ನೂ ಈ ಹಳ್ಳಿಯ ಪಕ್ಷ ಗೆದ್ದುಕೊಂಡಿತು.

1948ರಿಂದ 1956ರ ತನಕ ದಿಯಾ ಪ್ಯಾರಿಸಿನಲ್ಲಿ ಮೇಲ್ಮನೆಯ ಸದಸ್ಯರು, ಆಮೇಲೆ ಕೆಳಮನೆಯ ಸದಸ್ಯರು. ಪ್ಯಾರಿಸಿನ ವಾಸವನ್ನು ಅವರು ಓದಿಗೆ ಬಳಸಿಕೊಂಡರು. ವಯಸ್ಸು ನಲವತ್ತರ ಆಸುಪಾಸಿನಲ್ಲಿದ್ದರೂ ಅರ್ಥಶಾಸ್ತ್ರದ ಪುಸ್ತಕ ಹಿಡಿದು ವಿದ್ಯಾರ್ಥಿಯಂತೆ ಕುಳಿತರು. ಕರಿಯ ಆಫ್ರಿಕಾದ ಆರ್ಥಿಕ ಸ್ಥಿತಿಯ ಕುರಿತು, ಅಲ್ಲಿನ ಸಹಕಾರಿ ಚಳವಳಿಯ ಕುರಿತು ಗ್ರಂಥಗಳನ್ನು ಬರೆದರು. 1957ರಲ್ಲಿ ಆಫ್ರಿಕಾದ ಅರ್ಥವ್ಯವಸ್ಥೆಯನ್ನು ಕುರಿತ ಅವರ ಪುಸ್ತಕ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಅವರ ವಾದದ ಸಾರ ಇಷ್ಟು: ಆಫ್ರಿಕಾದ ಹಳ್ಳಿಗಳಲ್ಲಿ ಕೂಡಿ ದುಡಿಯುವ ಪದ್ಧತಿ ಮೊದಲಿನಿಂದಲೂ ಇದೆ. ಅದನ್ನು ಹೊಸ ಕಾಲದ ಸಹಕಾರಿ ಸಂಘವನ್ನಾಗಿ ಬೆಳೆಸಿದರೆ, ಬಂಡವಾಳಗಾರರ ದಾರಿಯನ್ನೂ ರಷ್ಯದ ದಾರಿಯನ್ನೂ ಬಿಟ್ಟು ತನ್ನದೇ ದಾರಿಯಲ್ಲಿ ಆಫ್ರಿಕಾ ಮುಂದೆ ಬರಬಹುದು.

ಸ್ವಾತಂತ್ರ್ಯ

1957ರಲ್ಲಿ ಸೆನೆಗಲ್‌ಗೆ ಆಂತರಿಕ ಸ್ವಯಮಾಡಳಿತ ದೊರೆತಾಗ ದಿಯಾ ಸರಕಾರದ ಹೊಣೆ ಹೊತ್ತರು. 1958ರಲ್ಲಿ ಫ್ರಾನ್ಸಿನ ನಾಯಕ ದ ಗಾಲ್ ವಸಾಹತುಗಳ ಮುಂದೆ ಒಂದು ಪ್ರಶ್ನೆ ಇಟ್ಟರು: ಫ್ರಾನ್ಸಿನ ಕೂಟದೊಳಗೆ ಉಳಿಯುವಿರೋ, ಕೂಡಲೇ ಬೇರೆಯಾಗುವಿರೋ? ದಿಯಾ ಅವರ ಮನಸ್ಸು ಸ್ವಾತಂತ್ರ್ಯದ ಕಡೆಗಿತ್ತು. ಸೆಂಗೋರ್ ಅವಸರ ಬೇಡವೆಂದರು. ಕೊನೆಗೆ ದಿಯಾ ಗೆಳೆಯನ ಮಾತಿಗೆ ಮಣಿದರು. ಸೆನೆಗಲ್ ಕೂಟದಲ್ಲಿ ಉಳಿಯಿತು. ಇಬ್ಬರ ನಡುವೆ ಮೊದಲ ಬಿರುಕು ಇಲ್ಲಿಯೇ ಮೂಡಿತೆಂದು ಹೇಳಬಹುದು.

ಎರಡು ವರ್ಷಗಳೊಳಗೆ ಸ್ವಾತಂತ್ರ್ಯ ಬಂತು. 1960ರ ಜೂನ್ 20ರಂದು ಸೆನೆಗಲ್ ಮತ್ತು ನೆರೆಯ ಸುಡಾನ್ (ಇಂದಿನ ಮಾಲಿ) ಒಂದಾಗಿ ಮಾಲಿ ಒಕ್ಕೂಟವೆಂಬ ಹೆಸರಿನಲ್ಲಿ ಸ್ವತಂತ್ರವಾದವು. ಈ ಒಕ್ಕೂಟ ಬಾಳಿದ್ದು ಎರಡೇ ತಿಂಗಳು. ಅಧಿಕಾರದ ಹಂಚಿಕೆಯಲ್ಲಿ ಜಗಳವೆದ್ದು ಆಗಸ್ಟ್ 20ರಂದು ಸೆನೆಗಲ್ ಬೇರೆಯಾಯಿತು. ಸೆಂಗೋರ್ ರಾಷ್ಟ್ರಾಧ್ಯಕ್ಷರು, ದಿಯಾ ಪ್ರಧಾನಿ. ಆಗ ಘೋಷಿಸಿದ ತುರ್ತುಪರಿಸ್ಥಿತಿಯನ್ನು ಆಮೇಲೂ ಮುಂದುವರಿಸಿದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ರೈತನ ಕೈಗೆ ತಕ್ಕಡಿ

ಬಾವುಟ ಬದಲಾದರೂ ನೆಲಗಡಲೆಯ ವ್ಯಾಪಾರ ಬದಲಾಗಿರಲಿಲ್ಲ. ರಫ್ತಿನ ಆದಾಯದಲ್ಲಿ ನೂರಕ್ಕೆ ಸುಮಾರು 80 ಪಾಲು ಅದೊಂದರಿಂದಲೇ ಬರುತ್ತಿತ್ತು. ದಿಯಾ ಕೈಹಾಕಿದ್ದು ಇಲ್ಲಿಗೇ. ಫ್ರಾನ್ಸಿನ ಲೆಬ್ರೆ ಎಂಬ ಪಾದ್ರಿ ಅರ್ಥಶಾಸ್ತ್ರಜ್ಞರ ತಂಡ ದೇಶವನ್ನೆಲ್ಲ ಸುತ್ತಿ ಪರಿಶೀಲಿಸಿತು. ಅದರ ಆಧಾರದ ಮೇಲೆ 1961ರಿಂದ 1964ರ ತನಕದ ಮೊದಲ ಚತುರ್ವಾರ್ಷಿಕ ಯೋಜನೆ ಸಿದ್ಧವಾಯಿತು. ಬೆಳೆ ಕೊಳ್ಳಲು ಸರಕಾರಿ ಮಾರಾಟ ಸಂಸ್ಥೆ 1960ರಲ್ಲಿ ಆರಂಭವಾಯಿತು. ಹಳ್ಳಿಗಳಲ್ಲಿ ಸಹಕಾರಿ ಸಂಘಗಳು ಎದ್ದವು. ಸಹಕಾರಿ ಸಂಘದಿಂದ ಬೆಳೆಗಾರನಿಗೆ ಏನು ಲಾಭವೆಂದು ನಮ್ಮ ಕಡೆಯ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಬೀಜ, ನೇಗಿಲು, ಸಾಲ ಎಲ್ಲವೂ ಸಂಘದ ಮೂಲಕ. ತೂಕವೂ ಸಂಘದ ಅಂಗಳದಲ್ಲಿಯೇ.

ಇದರ ಜತೆಗೆ ಹಳ್ಳಿಯವರೇ ಆರಿಸಿದ ಯುವಕರಿಗೆ ತರಬೇತಿ ಕೊಟ್ಟು, ಅವರನ್ನು ಊರಿಗೆ ಹಿಂದೆ ಕಳುಹಿಸಿ, ರೈತರು ತಮ್ಮ ಕಷ್ಟಸುಖಗಳನ್ನು ತಾವೇ ಚರ್ಚಿಸುವಂತೆ ಮಾಡುವ ಕೆಲಸವೂ ನಡೆಯಿತು. 1962ರ ಮೇ ತಿಂಗಳಲ್ಲಿ ದಿಯಾ ಹೊರಡಿಸಿದ ಸುತ್ತೋಲೆಯೊಂದರಲ್ಲಿ, ಸಂಘಗಳು ಮುಂದೆ ಸರಕಾರದ ಹಿಡಿತವಿಲ್ಲದೆ ರೈತರಿಂದಲೇ ನಡೆಯಬೇಕೆಂಬ ಗುರಿ ಇತ್ತು. ಇದರಲ್ಲಿ ಹಳೆಯ ಮುಖ್ಯೋಪಾಧ್ಯಾಯರ ಕೈವಾಡ ನಮಗೆ ಕಾಣುತ್ತದೆ. ರೈತನಿಗೆ ಸಾಲ ಕೊಟ್ಟರೆ ಸಾಲದು, ಅವನಿಗೆ ಲೆಕ್ಕ ಬರಬೇಕು ಎಂಬ ದೃಷ್ಟಿ ಅವರದು.

ಇಂಥ ಕೆಲಸಕ್ಕೆ ವೈರಿಗಳು ಹುಟ್ಟದಿರುತ್ತಾರೆಯೇ? ಫ್ರೆಂಚ್ ವ್ಯಾಪಾರ ಸಂಸ್ಥೆಗಳಿಗೆ ಅಸಮಾಧಾನ. ದಲ್ಲಾಳಿಗಳಿಗೆ ಹೊಟ್ಟೆಯ ಪ್ರಶ್ನೆ. ಮರಬೂ ಎಂದು ಕರೆಯಲ್ಪಡುವ ಧರ್ಮಗುರುಗಳಲ್ಲಿ ಹಲವರು ಶಿಷ್ಯರಿಂದ ದುಡಿಸಿ ನೆಲಗಡಲೆ ಬೆಳೆಸುವ ದೊಡ್ಡ ಹಿಡುವಳಿದಾರರು. ಅವರಿಗೂ ಈ ಸಂಘಗಳು ಹಿಡಿಸಲಿಲ್ಲ. ಸ್ವಂತ ಪಕ್ಷದ ಶಾಸಕರೂ ದಿಯಾ ಅವರ ಮಿತವ್ಯಯದ ಬಿಗಿಯಿಂದ ಬೇಸತ್ತಿದ್ದರು. ದಿಯಾ ಮುಖ ನೋಡಿ ಮಾತಾಡುವ ಸ್ವಭಾವದವರಲ್ಲ. 1962ರ ಡಿಸೆಂಬರ್ 8ರಂದು ಡಾಕರ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವಿಚಾರಗೋಷ್ಠಿಯಲ್ಲಿ, ವಸಾಹತು ಕಾಲದ ಆರ್ಥಿಕ ಕಟ್ಟಡವನ್ನು ಬುಡಸಮೇತ ಬದಲಿಸಬೇಕೆಂದು ಸಾರಿದರು. ಹತ್ತು ದಿನಗಳೊಳಗೆ ಅವರು ಬಂಧನದಲ್ಲಿದ್ದರು.

ಡಿಸೆಂಬರದ ದುರಂತ

ಡಿಸೆಂಬರ್ 14ರಂದು ಸುಮಾರು 40 ಮಂದಿ ಶಾಸಕರು ಪ್ರಧಾನಿಯ ಮೇಲೆ ಅವಿಶ್ವಾಸ ಸೂಚನೆ ಮಂಡಿಸಿದರು. ತುರ್ತುಪರಿಸ್ಥಿತಿ ಜಾರಿಯಲ್ಲಿರುವುದನ್ನು ಅವರು ಕಾರಣವಾಗಿ ಎತ್ತಿ ತೋರಿಸಿದರು. ಒಂದೇ ಪಕ್ಷದ ಒಳಜಗಳವಾದ್ದರಿಂದ ಮೊದಲು ಪಕ್ಷದ ಮಂಡಳಿಯಲ್ಲಿ ತೀರ್ಮಾನವಾಗಲಿ ಎಂದು ದಿಯಾ ವಾದಿಸಿದರು. ಶಾಸಕರು ಒಪ್ಪಲಿಲ್ಲ. ಆಗ 17ರಂದು ದಿಯಾ ಪೋಲೀಸು ಪಡೆಯನ್ನು ಕಳುಹಿಸಿ ಶಾಸನಸಭೆಯನ್ನು ತೆರವು ಮಾಡಿಸಿದರು. ನಾಲ್ವರು ಶಾಸಕರನ್ನು ಹಿಡಿಸಿದರು. ಉಳಿದವರು ಸಭಾಪತಿ ಲಾಮಿನ್ ಗೆ ಅವರ ಮನೆಯಲ್ಲಿ ಸೇರಿ ಅವಿಶ್ವಾಸವನ್ನು ಅಂಗೀಕರಿಸಿಬಿಟ್ಟರು. ಇವರು ಹದಿನಾಲ್ಕು ವರ್ಷ ಹಿಂದೆ ಸೆಂಗೋರ್ ಮತ್ತು ದಿಯಾ ಯಾರ ಪಕ್ಷ ಬಿಟ್ಟು ಬಂದಿದ್ದರೋ ಅದೇ ಲಾಮಿನ್ ಗೆ. ಕಾಲಚಕ್ರ ಹೀಗೆ ತಿರುಗಿತ್ತು. ಸೈನ್ಯದ ಪ್ಯಾರಾಶೂಟ್ ದಳ ಸೆಂಗೋರ್ ಪಕ್ಷ ವಹಿಸಿತು. 18ರಂದು ದಿಯಾ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಬಂಧಿತರಾದರು. ಅವರಲ್ಲೊಬ್ಬರು 1947ರ ಪ್ರಸಿದ್ಧ ಡಾಕರ್-ನೈಜರ್ ರೈಲ್ವೆ ಮುಷ್ಕರದ ಮುಂದಾಳು ಇಬ್ರಾಹಿಮಾ ಸಾರ್.

ಈ ಘಟನೆಯ ವಿಚಾರದಲ್ಲಿ ಸೆನೆಗಲ್‌ನಲ್ಲಿ ಇಂದಿಗೂ ಎರಡು ಪಕ್ಷ. ದಿಯಾ ಬಲಾತ್ಕಾರದಿಂದ ಅಧಿಕಾರ ಹಿಡಿಯಲು ನೋಡಿದರೆಂದು ಒಂದು. ಸೈನ್ಯವೂ ರಕ್ಷಣೆಯೂ ತಮ್ಮ ಕೈಯಲ್ಲಿದ್ದ ಪ್ರಧಾನಿ ತಮ್ಮದೇ ಸರಕಾರದ ವಿರುದ್ಧ ದಂಗೆ ಏಳುವುದೆಂದರೆ ಏನರ್ಥ ಎಂದು ಇನ್ನೊಂದು. ನಮಗೆ ತೋರುವುದಿಷ್ಟು. ಜನರು ಆರಿಸಿ ಕಳುಹಿಸಿದ ಸಭೆಯ ಬಾಗಿಲಿಗೆ ಪೋಲೀಸರನ್ನು ಕಳುಹಿಸಿದ್ದು ತಪ್ಪು. ಶಾಸಕರ ಉದ್ದೇಶ ಎಷ್ಟೇ ಸಂಶಯಾಸ್ಪದವಾಗಿದ್ದರೂ ಅದು ತಪ್ಪೇ. ಆದರೆ ಒಂದು ದಿನದ ಆ ತಪ್ಪಿಗೆ ವಿಧಿಸಿದ ಶಿಕ್ಷೆಯನ್ನು ನೋಡಿದರೆ, ತಕ್ಕಡಿಯನ್ನು ಮುಟ್ಟಿದ್ದಕ್ಕೆ ಕೊಟ್ಟ ದಂಡವೂ ಅದರಲ್ಲಿ ಸೇರಿತ್ತೆಂದು ಅನಿಸದಿರದು. 1963ರ ಮೇ ತಿಂಗಳಲ್ಲಿ ವಿಶೇಷ ನ್ಯಾಯಾಲಯ ದಿಯಾ ಅವರಿಗೆ ಆಜೀವ ಸೆರೆ ವಿಧಿಸಿತು. ಆ ನ್ಯಾಯಾಲಯದಲ್ಲಿ ತೀರ್ಪುಗಾರರಾಗಿ ಕುಳಿತವರಲ್ಲಿ ಶಾಸಕರೂ ಇದ್ದರು! ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ, ಹೊಸ ಸಂವಿಧಾನ ಬಂದು ಪ್ರಧಾನಿಯ ಹುದ್ದೆಯೇ ರದ್ದಾಗಿ ಅಧಿಕಾರವೆಲ್ಲ ಅಧ್ಯಕ್ಷರಲ್ಲಿ ಕೂಡಿತ್ತು.

ಸೆರೆ ಮತ್ತು ಅನಂತರ

ಅವರನ್ನು ಇಟ್ಟದ್ದು ರಾಜಧಾನಿಯಿಂದ ಸುಮಾರು 700 ಕಿಲೋಮೀಟರ್ ದೂರದ, ಆಗ್ನೇಯ ಮೂಲೆಯ ಕೆಡುಗು ಎಂಬಲ್ಲಿ. ಬೇಸಗೆಯಲ್ಲಿ ಬೆಂಕಿಯಂಥ ಬಿಸಿಲಿನ ನಾಡು. ಒಳಗೆ ಹೋದಾಗ ವಯಸ್ಸು 52. ಜ್ಯಾಂ ಪಾಲ್ ಸಾರ್ತ್ರ್‌ರಂಥವರು ಬಿಡುಗಡೆಗಾಗಿ ಕೇಳಿಕೊಂಡರೂ ಫಲವಾಗಲಿಲ್ಲ. 1974ರ ಮಾರ್ಚ್‌ನಲ್ಲಿ ಹೊರಬಂದಾಗ ಅವರಿಗೆ 63 ತುಂಬಿತ್ತು.

ಅಷ್ಟರಲ್ಲಿ ಅವರು ಕಟ್ಟಿದ ಸಹಕಾರಿ ಸಂಘಗಳ ಗತಿಯೇನಾಗಿತ್ತು? ರೈತನ ಸ್ವಂತ ಸಂಸ್ಥೆಯಾಗಬೇಕಾಗಿದ್ದವು ಸರಕಾರದ ಖರೀದಿ ಕಟ್ಟೆಗಳಾಗಿಬಿಟ್ಟಿದ್ದವು. 1966ರಲ್ಲಿ ಸ್ಥಾಪಿಸಿದ ಓಂಕಾಡ್ ಎಂಬ ಬೃಹತ್ ಸರಕಾರಿ ಸಂಸ್ಥೆ ಬೀಜದಿಂದ ಹಿಡಿದು ತೂಕದ ತನಕ ಎಲ್ಲವನ್ನೂ ನುಂಗಿಕೊಂಡಿತು. ವರ್ತಕನ ಜಾಗದಲ್ಲಿ ಗುಮಾಸ್ತ ಬಂದು ಕುಳಿತಂತಾಯಿತು. ಸಾಲ ತೀರಿಸಲಾಗದ ರೈತರು ನೆಲಗಡಲೆ ಬಿಟ್ಟು ಹೊಟ್ಟೆಗಾಗುವ ಸಜ್ಜೆ ಬಿತ್ತತೊಡಗಿದರು. 1980ರಲ್ಲಿ ಆ ಸಂಸ್ಥೆ ಸಾಲದ ಹೊರೆಯಲ್ಲಿ ಮುಳುಗಿ ಮುಚ್ಚಿಹೋಯಿತು.

ದಿಯಾ ಮತ್ತೆ ಲೇಖನಿ ಹಿಡಿದರು. ಪತ್ರಿಕೆ ನಡೆಸಿದರು, ಇಸ್ಲಾಂ ಧರ್ಮ ಮತ್ತು ಆಫ್ರಿಕಾದ ಸಮಾಜದ ಕುರಿತು ಗ್ರಂಥಗಳನ್ನು ಬರೆದರು, 1985ರಲ್ಲಿ ಆತ್ಮಕಥೆಯನ್ನು ಹೊರತಂದರು. 1981ರಲ್ಲಿ ಹೊಸ ಪಕ್ಷ ಕಟ್ಟಿ 1983ರ ಅಧ್ಯಕ್ಷ ಚುನಾವಣೆಗೂ ನಿಂತರು. ದೊರೆತದ್ದು ನೂರಕ್ಕೆ ಒಂದೂವರೆಯಷ್ಟೂ ಮತವಿಲ್ಲ. ಸೆರೆಯ ವರ್ಷಗಳಲ್ಲಿ ಬೆಳೆದು ದೊಡ್ಡವರಾದ ಮತದಾರರಿಗೆ ಅವರ ಗುರುತೇ ಇರಲಿಲ್ಲ. ಆದರೂ ಬಾಯಿ ಮುಚ್ಚಿ ಕೂರಲಿಲ್ಲ. ಸೆಂಗೋರ್ ಅವರ ಬಳಿಕ ಬಂದ ಆಳುವವರಿಗೂ, ಹಿಂದೆ ತಮ್ಮ ಪರವಾಗಿ ವಾದಿಸಿದ ವಕೀಲರಲ್ಲೊಬ್ಬರಾಗಿದ್ದು 2000ದಲ್ಲಿ ಅಧ್ಯಕ್ಷರಾದ ಅಬ್ದುಲಾಯ್ ವಾಡ್ ಅವರಿಗೂ ಪತ್ರಿಕೆಗಳ ಮೂಲಕ ನೇರ ಮಾತು ಹೇಳುತ್ತಲೇ ಇದ್ದರು. 2009ರ ಜನವರಿ 25ರಂದು, 98ನೆಯ ವಯಸ್ಸಿನಲ್ಲಿ, ಡಾಕರ್‌ನಲ್ಲಿ ತೀರಿಕೊಂಡರು.

ಈಗ ಡಾಕರ್‌ನ ಸರಕಾರಿ ಕಚೇರಿಗಳ ದೊಡ್ಡ ಕಟ್ಟಡಕ್ಕೆ ಮಾಮದು ದಿಯಾ ಅವರ ಹೆಸರಿದೆ. ದ ಗಾಲ್ ಹೆಸರಿನಲ್ಲಿದ್ದ ರಾಜಮಾರ್ಗಕ್ಕೂ ಅವರ ಹೆಸರಿಡಲು 2024ರ ಡಿಸೆಂಬರಿನಲ್ಲಿ ಅಲ್ಲಿನ ಸರಕಾರ ನಿರ್ಧರಿಸಿತು. ಸತ್ತ ಮೇಲೆ ಸಲ್ಲುವ ಗೌರವ ಸಣ್ಣದೇನಲ್ಲ. ಆದರೆ ಅವರು ಬಯಸಿದ್ದು ಬೀದಿಯ ಫಲಕವನ್ನಲ್ಲ. ಬೆಳೆದವನೇ ತೂಗಬೇಕು, ತೂಗಿದ್ದನ್ನು ತಾನೇ ಓದಿ ಬರೆದಿಡಬೇಕು ಎಂಬುದು ಅವರ ಆಸೆಯಾಗಿತ್ತು. ಯಾವ ನಾಡಿನ ಸಹಕಾರಿ ಸಂಘದಲ್ಲಾದರೂ ಸಾಮಾನ್ಯ ಸದಸ್ಯನೊಬ್ಬ ಎದ್ದುನಿಂತು ಲೆಕ್ಕ ಕೇಳಿದಾಗ, ಈ ಮಾಸ್ತರರು ಹೇಳಿಕೊಡಲು ಹೊರಟಿದ್ದ ಪಾಠ ಮುಂದುವರಿಯುತ್ತಿದೆ ಎಂದು ನಾವು ತಿಳಿಯುತ್ತೇವೆ.