ಹೊಲದ ಲೆಕ್ಕ ಹಿಡಿದ ಕಲೆಕ್ಟರರು – ಸರ್ ಥಾಮಸ್ ಮನ್ರೋ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಲೆಕ್ಕ ಬಲ್ಲವನಿಗೆ ಕೊರತೆಯಿಲ್ಲ ಎಂದು ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬಹುದು. ಇಂದು ದೊಡ್ಡ ಕಂಪನಿಗಳು ಯಾವ ಊರಿನಲ್ಲಿ ಯಾವ ಸರಕು ಎಷ್ಟು ಖರ್ಚಾಗುತ್ತದೆ, ಎಲ್ಲಿ ದಾಸ್ತಾನು ಎಷ್ಟಿದೆ, ಲಾರಿ ಯಾವ ದಾರಿಯಲ್ಲಿ ಹೋದರೆ ಬೇಗ ತಲುಪುತ್ತದೆ ಎಂಬ ಅಂಕಿ ಅಂಶಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಅದರ ಲೆಕ್ಕದಂತೆ ಸರಬರಾಜು ನಡೆಸುತ್ತವೆ. ಯಂತ್ರ ಹೊಸದು, ಆಲೋಚನೆ ಮಾತ್ರ ಹಳೆಯದು. ಬೆಳೆಯುವವನಿಂದ ಹಿಡಿದು ಉಣ್ಣುವವನವರೆಗೆ ಎಷ್ಟು ಇದೆ, ಎಷ್ಟು ಬೇಕು ಎಂಬುದನ್ನು ಮೊದಲು ತಿಳಿಯಬೇಕು, ಆಮೇಲೆ ಕೈ ಹಾಕಬೇಕು ಎಂಬುದೇ ಅದು. ಎರಡು ನೂರು ವರ್ಷಗಳಿಗೂ ಹಿಂದೆ, ನಮ್ಮ ಅನಂತಪುರದ ಸೀಮೆಯಲ್ಲಿಯೇ ಈ ಆಲೋಚನೆಯನ್ನು ಹಿಡಿದು ಕೆಲಸ ಮಾಡಿದ ಒಬ್ಬ ಅಧಿಕಾರಿಯಿದ್ದರು. ಅವರೇ ಸರ್ ಥಾಮಸ್ ಮನ್ರೋ.

ಮನ್ರೋ ಅವರು 1761ನೆಯ ಇಸವಿ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಅಮೆರಿಕದೊಡನೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದರು. ಮಗನೂ ಓದು ಮುಗಿಸಿ ಒಂದು ವ್ಯಾಪಾರದ ಮಳಿಗೆಯಲ್ಲಿ ಗುಮಾಸ್ತನಾಗಿ ಸೇರಿ ಲೆಕ್ಕಪತ್ರಗಳನ್ನು ಕಲಿತರು. ಆಗ ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. ಸಮುದ್ರದ ಆಚೆಯಿಂದ ಸರಕು ಬರುವುದು ನಿಂತಿತು, ತಂದೆಯ ವ್ಯಾಪಾರ ಮುಳುಗಿತು. ಎಲ್ಲಿಯೋ ದೂರದಲ್ಲಿ ಕೊಂಡಿ ಕಳಚಿದರೆ ಮನೆಯ ಒಲೆ ಆರುತ್ತದೆ ಎಂಬ ಪಾಠವನ್ನು ಆ ಹುಡುಗ ಎಳೆಯ ವಯಸ್ಸಿನಲ್ಲಿಯೇ ಕಂಡುಕೊಂಡ. ಬದುಕಿನ ದಾರಿ ಹುಡುಕುತ್ತಾ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದರು. ಆಗ ಅವರಿಗೆ ಹದಿನೆಂಟು ವರ್ಷ.

ಮೈಸೂರು ಯುದ್ಧಗಳ ಕಾಲದಲ್ಲಿ ಅವರು ಸೈನ್ಯದಲ್ಲಿದ್ದರು. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ದೊಡ್ಡ ಸೈನ್ಯದೊಡನೆ ಶ್ರೀರಂಗಪಟ್ಟಣದ ಬಳಿಗೆ ಹೋದರೂ ಕೋಟೆಯನ್ನು ಹಿಡಿಯಲಾಗದೆ ಹಿಂದಿರುಗಬೇಕಾಯಿತು. ಮೇವಿಲ್ಲದೆ ಎತ್ತುಗಳು ಸತ್ತವು, ಸೈನಿಕರಿಗೆ ಧಾನ್ಯವಿಲ್ಲ, ಎಳೆಯುವವರಿಲ್ಲದೆ ಭಾರಿ ತೋಪುಗಳನ್ನು ತಾವೇ ಹಾಳುಮಾಡಿ ಬರಬೇಕಾಯಿತು. ಮರುವರ್ಷ ಲಂಬಾಣಿಗರ ಎತ್ತಿನ ಹೇರುಗಳಲ್ಲಿ ಧಾನ್ಯದ ಏರ್ಪಾಡು ಮಾಡಿಕೊಂಡೇ ಮತ್ತೆ ಹೊರಟರು. ಕತ್ತಿಗಿಂತ ಮೊದಲು ಕಾಳಿನ ಲೆಕ್ಕ ಬೇಕೆಂಬುದು ಆ ಕಾಲದ ಅಧಿಕಾರಿಗಳಿಗೆಲ್ಲ ತಿಳಿದದ್ದು ಹೀಗೆ.

1792ರಿಂದ 1799ರವರೆಗೆ ಮನ್ರೋ ಅವರು ಬಾರಾಮಹಲಿನಲ್ಲಿ ಕರ್ನಲ್ ರೀಡ್ ಅವರ ಕೈಕೆಳಗೆ ಕಂದಾಯದ ಕೆಲಸ ಕಲಿತರು. ಟಿಪ್ಪು ಸುಲ್ತಾನರ ಮರಣದ ನಂತರ ಒಂದು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಜಿಲ್ಲೆಯ ಕಲೆಕ್ಟರರಾಗಿದ್ದರು. 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಹೊರಟ ವೆಲ್ಲೆಸ್ಲಿಯ ಸೈನ್ಯಕ್ಕೆ ಕರಾವಳಿಯ ಅಕ್ಕಿ ಒದಗಿಸಲು ನೆರವಾದವರೂ ಅವರೇ. ಆ ವರ್ಷವೇ ಹೈದರಾಬಾದಿನ ನಿಜಾಮರು ತುಂಗಭದ್ರೆಯ ದಕ್ಷಿಣದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಸೀಮೆಯಾದ್ದರಿಂದ ಅದಕ್ಕೆ ದತ್ತಮಂಡಲ ಎಂದು ಹೆಸರಾಯಿತು. ಮನ್ರೋ ಅದರ ಪ್ರಧಾನ ಕಲೆಕ್ಟರರಾಗಿ ಬಂದು ಅನಂತಪುರದಲ್ಲಿ ಕಚೇರಿ ಮಾಡಿದರು.

ಆಗಿನ ಸ್ಥಿತಿ ಹೇಳತೀರದು. ಯುದ್ಧ, ಲೂಟಿಗಳಿಂದ ಊರುಗಳು ಪಾಳುಬಿದ್ದಿದ್ದವು. ಸುಮಾರು 80 ಮಂದಿ ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಕುಳಿತು ರೈತರಿಂದ ಹಣ ಎಳೆಯುತ್ತಿದ್ದರು. ಮನ್ರೋ ಅವರನ್ನೆಲ್ಲ ಬಲದಿಂದ ಅಡಗಿಸಿದರು. ಆ ಕಾಠಿಣ್ಯವನ್ನು ಲಂಡನ್ನಿನ ಮೇಲಧಿಕಾರಿಗಳು ಕೂಡ ಆಕ್ಷೇಪಿಸಿದರು. ಆದರೆ ಅವರ ನಿಜವಾದ ಸಾಧನೆ ಇದಲ್ಲ, ಹೊಲಗಳ ಮೋಜಣಿ.

ಯಾವ ರೈತನ ಬಳಿ ಎಷ್ಟು ಭೂಮಿ, ಅದು ಕೆಂಪೋ ಎರೆಯೋ, ಖುಷ್ಕಿಯೋ ತರಿಯೋ, ಅದರಲ್ಲಿ ಏನು ಬೆಳೆದೀತು ಎಂಬುದು ತಿಳಿಯದೆ ಕಂದಾಯ ಹಾಕಿದರೆ ಅದು ಕಣ್ಣು ಕಟ್ಟಿಕೊಂಡು ಕಲ್ಲೆಸೆದಂತೆ. ಆದುದರಿಂದ 1802ರಲ್ಲಿ ನಾಲ್ಕೇ ಮಂದಿ ಗುಮಾಸ್ತರಿಂದ ಮೋಜಣಿ ಆರಂಭವಾಯಿತು. ಬರಬರುತ್ತಾ ಅವರ ಸಂಖ್ಯೆ ನೂರಕ್ಕೆ ಏರಿತು. ಅಳತೆಗೆ 33 ಅಡಿ ಉದ್ದದ ಸರಪಳಿ. ಸರಪಳಿಯ ಉದ್ದ, ಸರಪಳಿಯ ಅಗಲ ಇರುವ ಚೌಕವೇ ಒಂದು ಗುಂಟೆ. 33ನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ 43,560 ಚದರ ಅಡಿ, ಅಂದರೆ ಒಂದು ಎಕರೆ. ಇಂದಿಗೂ ನಮ್ಮ ರೊಳ್ಳ, ಮಡಕಶಿರಾ ಕಡೆಯ ರೈತರು ಎಕರೆ, ಗುಂಟೆ ಎಂದು ಮಾತನಾಡುವಾಗ ಇದೇ ಲೆಕ್ಕವೇ ನಡೆಯುತ್ತದೆ.

ಅಳೆಯುವವರಿಗೆ ಅಳೆದ ಎಕರೆಯ ಮೇಲೆ ಕೂಲಿ. ಕೂಲಿಯ ಆಸೆಗೆ ಅವಸರ ಮಾಡಿ ತಪ್ಪು ಬರೆದಾರು ಎಂದು ಅವರ ಮೇಲೆ ತಪಾಸಣೆಯವರನ್ನು ನೇಮಿಸಿ, ಕೆಲವು ಹೊಲಗಳನ್ನು ಮತ್ತೆ ಅಳೆಸುತ್ತಿದ್ದರು. ಅನಂತರ ದರ ಗೊತ್ತುಮಾಡುವವರು ಊರಿಗೆ ಬಂದು, ಗೌಡ, ಕರಣಿಕ ಮತ್ತು ಮುಖ್ಯ ರೈತರ ಎದುರಿನಲ್ಲಿ ಭೂಮಿಯನ್ನು ತರಗತಿಗಳಾಗಿ ವಿಂಗಡಿಸುತ್ತಿದ್ದರು. ದರ ಹೆಚ್ಚಾಯಿತೆಂದು ರೈತನಿಗೆ ತೋರಿದರೆ ತಕರಾರು ಹೇಳಲು ಅವಕಾಶವಿತ್ತು. ಮನ್ರೋ ಅವರೂ ಕಚೇರಿಯಲ್ಲಿ ಕುಳಿತು ಕಾಗದ ನೋಡಿದವರಲ್ಲ. ವರ್ಷದ ಬಹುಭಾಗ ಗುಡಾರದಲ್ಲಿ ವಾಸಿಸುತ್ತಾ, ಊರಿಂದೂರಿಗೆ ಸಂಚರಿಸುತ್ತಾ, ರೈತರ ಬಾಯಿಂದಲೇ ವಿಷಯ ಕೇಳುತ್ತಿದ್ದರು. ಅಂಕಿ ಒಂದು ಕಡೆ, ಕಣ್ಣಾರೆ ಕಂಡದ್ದು ಇನ್ನೊಂದು ಕಡೆ, ಎರಡನ್ನೂ ತಾಳೆ ನೋಡುವುದು ಅವರ ಪದ್ಧತಿಯಾಗಿತ್ತು.

ವರ್ಷಗಟ್ಟಲೆ ಸೇರಿಸಿದ ಲೆಕ್ಕಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದಾಗ ಒಂದು ಸತ್ಯ ಹೊರಬಿತ್ತು. ಬೆಳೆದ ಬೆಳೆಯಲ್ಲಿ ನೂರಕ್ಕೆ ಸುಮಾರು 45 ಪಾಲು ಸರ್ಕಾರಕ್ಕೆ ಹೋಗುತ್ತಿತ್ತು. ಉಳಿದುದರಲ್ಲಿ ಬಿತ್ತನೆಯ ಬೀಜ, ಎತ್ತಿನ ಮೇವು, ಮನೆಯ ಊಟ ಎಲ್ಲವೂ ನಡೆಯಬೇಕು. ಮಳೆ ಕೈಕೊಟ್ಟ ವರ್ಷ ರೈತ ಉಳಿಯುವುದು ಹೇಗೆ? ರೈತನೇ ಉಳಿಯದಿದ್ದರೆ ಮುಂದಿನ ವರ್ಷ ಖಜಾನೆಗೆ, ಸಂತೆಗೆ, ಸೈನ್ಯಕ್ಕೆ ಧಾನ್ಯ ಬರುವುದೆಲ್ಲಿಂದ? 1807ರ ಆಗಸ್ಟ್ 15ರಂದು ಮನ್ರೋ ಸರ್ಕಾರಕ್ಕೆ ವರದಿ ಕಳುಹಿಸಿ, ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕು, ತೋಟ ಮತ್ತು ಬಾವಿ ಭೂಮಿಗೆ ಇನ್ನೂ ಹೆಚ್ಚು ಇಳಿಸಬೇಕು ಎಂದು ಸಲಹೆ ಮಾಡಿದರು. 45ರಲ್ಲಿ ಕಾಲು ಭಾಗ ಕಳೆದರೆ ಸುಮಾರು 34, ಅಂದರೆ ಬೆಳೆಯ ಮೂರರಲ್ಲಿ ಒಂದು ಪಾಲು. ತಾನೇ ಹಾಕಿದ ಕಂದಾಯ ಹೆಚ್ಚೆಂದು ತನ್ನ ಲೆಕ್ಕವೇ ಹೇಳಿದಾಗ ಅದನ್ನು ಮುಚ್ಚಿಡದೆ ಮೇಲಿನವರ ಮುಂದಿಟ್ಟದ್ದು ಸಣ್ಣ ಮಾತಲ್ಲ.

ಆದರೆ ಸರ್ಕಾರ ಒಪ್ಪಲಿಲ್ಲ. ಮನ್ರೋ ಅದೇ ವರ್ಷ ಸ್ವದೇಶಕ್ಕೆ ಹೊರಟುಹೋದರು. ಇಲ್ಲಿ ಒಬ್ಬೊಬ್ಬ ರೈತನ ಲೆಕ್ಕವನ್ನು ಬಿಟ್ಟು, ಇಡೀ ಊರನ್ನೇ ಗುತ್ತಿಗೆದಾರನಿಗೆ ಒಪ್ಪಿಸುವ ಪದ್ಧತಿ ಬಂದಿತು. ಮೊದಲು ಮೂರು ವರ್ಷದ ಗುತ್ತಿಗೆ, ಆಮೇಲೆ ಹತ್ತು ವರ್ಷದ್ದು. ಕಂದಾಯ ಮಾತ್ರ ಭಾರವಾಗಿಯೇ ಉಳಿಯಿತು. ಬೆಳೆ ಕೆಟ್ಟ ವರ್ಷಗಳಲ್ಲಿ ಬಳ್ಳಾರಿ ಸೀಮೆಯ ಎಷ್ಟೋ ಗುತ್ತಿಗೆದಾರರು ದಿವಾಳಿಯಾದರು, ಊರುಗಳು ಬಡವಾದವು. ಹೊಲದಿಂದ ಬಂದ ಲೆಕ್ಕ ಸರಿಯಾಗಿಯೇ ಇತ್ತು, ಅದನ್ನು ಕೇಳುವ ಕಿವಿ ಇರಲಿಲ್ಲ. 1820ರಲ್ಲಿ ಮನ್ರೋ ಅವರೇ ಮದರಾಸಿನ ಗವರ್ನರರಾಗಿ ಬಂದ ಮೇಲೆ, ಹದಿಮೂರು ವರ್ಷಗಳ ಹಿಂದೆ ತಾವು ಕೇಳಿದ್ದ ಇಳಿತ ಈ ಸೀಮೆಯ ರೈತರಿಗೆ ದೊರೆಯಿತು. ಒಬ್ಬೊಬ್ಬ ರೈತನೊಡನೆ ನೇರವಾಗಿ ಲೆಕ್ಕ ಮಾಡುವ ರೈತವಾರಿ ಪದ್ಧತಿಯೂ ಮರಳಿತು.

ಲೆಕ್ಕ ತೆಗೆಯುವ ಈ ಅಭ್ಯಾಸವನ್ನು ಅವರು ವಿದ್ಯೆಯ ವಿಷಯದಲ್ಲಿಯೂ ಬಿಡಲಿಲ್ಲ. 1822ರಲ್ಲಿ ಮದರಾಸ್ ಪ್ರಾಂತದ ಶಾಲೆಗಳನ್ನೆಲ್ಲ ಎಣಿಸಿ ವರದಿ ಮಾಡುವಂತೆ ಎಲ್ಲ ಕಲೆಕ್ಟರರಿಗೂ ಆಜ್ಞೆ ಹೋಯಿತು. 1,28,50,941 ಜನರಿದ್ದ ಪ್ರಾಂತದಲ್ಲಿ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು ಎಂದು ತಿಳಿದುಬಂತು. ಆಗ ನಮ್ಮ ಸೀಮೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಅನಂತಪುರ ಜಿಲ್ಲೆ ಬೇರೆಯಾದದ್ದು 1882ರಲ್ಲಿ. ಆ ಬಳ್ಳಾರಿ ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಗಡಿಯ ಈ ನಾಡಿನಲ್ಲಿ ಎರಡು ಭಾಷೆಗಳೂ ಅಕ್ಕಪಕ್ಕದಲ್ಲಿ ಕುಳಿತು ಓದುತ್ತಿದ್ದವೆಂದು ನಾವು ಇಂದು ಅಂಕಿ ಸಹಿತ ಹೇಳಬಲ್ಲೆವಾದರೆ ಅದು ಆ ಎಣಿಕೆಯ ಪುಣ್ಯ. ಎಣಿಸಿದ ಮೇಲೆ ಸುಮ್ಮನಿರದೆ, ತಾಲ್ಲೂಕುಗಳಲ್ಲಿ ಸರ್ಕಾರದಿಂದ ಶಾಲೆಗಳನ್ನು ತೆರೆಯಬೇಕೆಂದು 1826ರಲ್ಲಿ ಅವರು ಯೋಜನೆ ಹಾಕಿದರು.

1827ರಲ್ಲಿ ಕೆಲಸದಿಂದ ಬಿಡುಗಡೆ ಹೊಂದಿ ಊರಿಗೆ ಹೊರಡುವ ಮುನ್ನ, ದತ್ತಮಂಡಲದ ಜನರನ್ನು ಕೊನೆಯ ಸಲ ನೋಡಿಬರಬೇಕೆಂದು ಪ್ರವಾಸ ಹೊರಟರು. ದಾರಿಯಲ್ಲಿ ಕಾಲರಾ ತಗುಲಿ ಜುಲೈ 6ರಂದು ಪತ್ತಿಕೊಂಡದಲ್ಲಿ ನಿಧನರಾದರು. ದೇಹವನ್ನು ಗುತ್ತಿಯಲ್ಲಿ ಮಣ್ಣುಮಾಡಿ, 1831ರಲ್ಲಿ ಮದರಾಸಿನ ಕೋಟೆಯ ಚರ್ಚಿಗೆ ಸಾಗಿಸಿದರು. ಈ ಸೀಮೆಯ ಜನ ತಮ್ಮ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟು ಅವರನ್ನು ನೆನೆದರು.

ಮನ್ರೋ ಅವರು ಪರದೇಶದ ಕಂಪನಿಯ ನೌಕರರು. ಇಲ್ಲಿಯ ಹಣ ಅಲ್ಲಿಗೆ ಹೋಗುತ್ತಿದ್ದುದು ಅವರ ಕಾಲದಲ್ಲಿಯೂ ನಿಲ್ಲಲಿಲ್ಲ. ಅದನ್ನು ನಾವು ಮರೆಯಬೇಕಾಗಿಲ್ಲ. ಆದರೂ ಅವರಿಂದ ಕಲಿಯತಕ್ಕದ್ದು ಇದೆ. ಲೆಕ್ಕವನ್ನು ಹೊಲದಲ್ಲಿ ನಿಂತು ತೆಗೆಯಬೇಕು, ತಾಳೆ ನೋಡಬೇಕು, ಅದು ನಮಗೆ ಹಿಡಿಸದ ಮಾತನ್ನು ಹೇಳಿದರೂ ಕೇಳಬೇಕು. ಇಂದು ಧಾನ್ಯ ಹೊಲದಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಹೋಗುವ ದಾರಿಯನ್ನೆಲ್ಲ ಕಂಪ್ಯೂಟರು ಲೆಕ್ಕ ಹಾಕಬಲ್ಲದು. ಆದರೆ ಸರಪಳಿಯ ಮೊದಲ ಕೊಂಡಿ ಬೆಳೆಯುವ ರೈತ. ಅವನ ಪಾಲಿಗೆ ಏನು ಉಳಿಯಿತು ಎಂಬ ಪ್ರಶ್ನೆಯನ್ನು ಕೇಳಬೇಕಾದವರು ಮನುಷ್ಯರೇ. ನಾಳೆ ಅಧಿಕಾರಿಗಳೋ ವ್ಯಾಪಾರಿಗಳೋ ಆಗಲಿರುವ ವಿದ್ಯಾರ್ಥಿಗಳು ಗಣಿತವನ್ನು ಕಲಿಯುವಾಗ ಈ ಪ್ರಶ್ನೆಯನ್ನೂ ಜೊತೆಯಲ್ಲಿ ಕಲಿತರೆ ಒಳ್ಳೆಯದು.